ಮಾದಮ್ಮನ ಸೊಟ್ಟ ಬಾಯಿ

ಮುಕ್ಕಳಿಸಿದ ನೀರು ಗೋವಿಂದಮ್ಮನ ತುಟಿಯ ಎಡ ಅಂಚಿನಿಂದ ತಾನಾಗಿಯೇ ಸೋರಿ ಸೀರೆಯ ಮೇಲೆ ಬಿತ್ತು. ಅವಳು ಇನ್ನೊಮ್ಮೆ ಬಾಯಿ ತುಂಬಾ ನೀರು ತೆಗೆದುಕೊಂಡಳು. ತುಟಿ ಬಿಗಿಹಿಡಿದಿದ್ದೇನೆ ಅಂದುಕೊಂಡಳು. ನೀರು ಮತ್ತೆ ಅದೇ ಕಡೆಯಿಂದ ಇಳಿಯಿತು.

2002ರ ಜುಲೈ ತಿಂಗಳು. ನಂಜನಗೂಡಿನ ರೈಲ್ವೆ ಸ್ಟೇಷನ್ ಹಿಂದಿನ ಬೀದಿಯ ಮನೆಯಲ್ಲಿ ಬೆಳಗಿನ ಆರೂಮುಕ್ಕಾಲು ಗಂಟೆ. ಏಳಕ್ಕೆ ಶೂಟಿಂಗ್ ವ್ಯಾನು ಬಾಗಿಲಿಗೆ ಬರುವುದಿತ್ತು. ಅವಳು ಬಚ್ಚಲ ಗೂಡಿನಲ್ಲಿದ್ದ ಕನ್ನಡಿ ತೆಗೆದು ನೋಡಿಕೊಂಡಳು. ಮುಖದ ಬಲಭಾಗ ಎಂದಿನಂತಿತ್ತು. ಎಡಭಾಗ ಮಾತ್ರ ಬೇರೆ ಯಾರದೋ ಎನ್ನುವ ಹಾಗೆ ಜೋಲುಬಿದ್ದಿತ್ತು. ಹುಬ್ಬೇರಿಸಿದರೆ ಒಂದೇ ಹುಬ್ಬು ಏರಿತು. ನಕ್ಕರೆ ಬಾಯಿ ಬಲಗಿವಿಯ ಕಡೆಗೆ ಓಡಿತು. ಕಣ್ಣು ಮುಚ್ಚಿದರೆ ಎಡಗಣ್ಣು ಮುಚ್ಚಲೇ ಇಲ್ಲ.

"ಗೌತಮೀ!" ಎಂದು ಕೂಗಿದಳು. 'ಮ' ಸರಿಯಾಗಿ ಹೊರಡಲಿಲ್ಲ.

ಮಗಳು ಗೌತಮಿ ಮೈಸೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷ ಓದುತ್ತಿದ್ದಳು; ಎರಡು ದಿನದ ರಜೆಗೆ ಬಂದಿದ್ದಳು. ಓಡಿಬಂದವಳು ಅಮ್ಮನ ಮುಖ ನೋಡಿ ಒಂದು ಗಳಿಗೆ ನಿಂತಳು. ಆಮೇಲೆ ಕಲಿತದ್ದೆಲ್ಲ ನೆನಪಾಯಿತು.

"ಎರಡೂ ಕೈ ಎತ್ತು. ನನ್ ಬೆರಳು ಗಟ್ಟಿಯಾಗಿ ಹಿಡ್ಕೊ. ಕಾಲು ಜೋಮು ಹಿಡಿದಿದ್ಯಾ?"

"ಇಲ್ಲ ಕಣವ್ವ. ಮುಖ ಒಂದೇ. ಲಕ್ವ ಒಡೀತಾ ನಂಗೆ?"

"ಮುಖದ ನರಕ್ಕೆ ಮಾತ್ರ ಆಗಿರಬೇಕು. ಮೂರು ದಿನದೊಳಗೆ ಮಾತ್ರೆ ಶುರು ಮಾಡಿದ್ರೆ ವಾಸಿಯಾಗುತ್ತೆ. ಈಗ್ಲೇ ಮೈಸೂರಿಗೆ ಹೋಗೋಣ, ನಡಿ."

ಕಾರ್ಖಾನೆಯ ಕೆಲಸಕ್ಕೆ ಹೊರಡಲು ಸೈಕಲ್ ಒರೆಸುತ್ತಿದ್ದ ಗಂಡ ನಿಂಗರಾಜು ಬಟ್ಟೆ ಕೆಳಗೆ ಹಾಕಿ ಒಳಗೆ ಬಂದ. "ಮಗಳು ಯೋಳ್ದಂಗೆ ಕೇಳು. ಇವತ್ತೊಂದಿನ ಆ ಶೂಟಿಂಗ್ ಬುಡು," ಎಂದ.

"ನಾಳೆ ಬೆಳಿಗ್ಗೆ ಟೇಪು ಚಾನೆಲ್‌ಗೆ ಸೇರ್ಬೇಕು. ಒಂದು ಎಪಿಸೋಡೂ ಕೈಲಿಲ್ಲ. ನಾ ಓಗ್ನಿಲ್ಲ ಅಂದ್ರೆ ಐವತ್ತು ಜನ ಸುಮ್ನೆ ಕೂತ್ಕತಾರೆ." ಆಚೆ ವ್ಯಾನಿನ ಹಾರನ್ನು ಕೇಳಿತು. ಅವಳು ಮಗಳ ಕಡೆ ತಿರುಗಿದಳು. "ನೀನು ಓಗಿ ಡಾಕ್ಟ್ರು ಸಿಕ್ತಾರಾ ನೋಡ್ಕಂಡಿರು. ಸಂಜೆ ಸೀದಾ ಮೈಸೂರಿಗೇ ಬತ್ತೀನಿ."

"ಕಣ್ಣಿಗೆ ಧೂಳು ಬೀಳಬಾರದಮ್ಮ. ಮುಚ್ಚಲ್ಲ ಅದು. ಗೊತ್ತಾಯ್ತಾ? ಧೂಳು ಬೀಳಬಾರದು."

ಗೋವಿಂದಮ್ಮ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ವ್ಯಾನು ಹತ್ತಿದಳು.

ಅವಳು ಹಾಗೆ ಹೋದದ್ದು ಹಟದಿಂದಲ್ಲ, ಭಯದಿಂದ. ಬದನವಾಳಿನ ಖಾದಿ ಕೇಂದ್ರದಲ್ಲಿ ಚರಕದ ಮುಂದೆ ಕೂತು ಬೆಳೆದ ಹೆಂಗಸು ಅವಳು. ಮೇಲ್ವಿಚಾರಕರು ಕನ್ನಡಕ ಹುಡುಕುವುದು, ಸೊಸೆಯಂದಿರು ಅತ್ತೆಯ ಮುಂದೆ ಅಳುವುದು, ಎಮ್ಮೆ ಮಾರುವವನು ಎಮ್ಮೆಯನ್ನು ಹೊಗಳುವುದು, ಎಲ್ಲವನ್ನೂ ನೂಲುತ್ತಲೇ ಮಾಡಿ ತೋರಿಸುತ್ತಿದ್ದಳು. 1991ರಲ್ಲಿ ಕಪಿಲಾ ನದಿಯ ಸೋಪಾನದ ಮೇಲೆ ಒಂದು ಸಿನಿಮಾದ ಚಿತ್ರೀಕರಣ ನಡೆದಾಗ ನೋಡಲು ಹೋಗಿದ್ದಳು. ದಪ್ಪ ಹೆಂಗಸೊಬ್ಬಳು ಬಾಳೆಹಣ್ಣಿನ ಬುಟ್ಟಿ ಸಮೇತ ಮೆಟ್ಟಿಲ ಮೇಲೆ ಜಾರಿ ಬೀಳಬೇಕಿತ್ತು. ಬೆಂಗಳೂರಿನಿಂದ ಬಂದ ನಟಿ ಪಾಚಿ ನೋಡಿ ಆಗುವುದಿಲ್ಲ ಎಂದಳು. "ನಾ ಬೀಳ್ತೀನಿ ಬುಡಿ ಸಾ," ಎಂದು ಗುಂಪಿನಿಂದ ಗೋವಿಂದಮ್ಮ ಮುಂದೆ ಬಂದಳು. ಮೂರು ಮೆಟ್ಟಿಲು ಉರುಳಿದಳು. ಉರುಳಿ ಕೂತಲ್ಲಿಯೇ ಮಡಿಲಿಗೆ ಬಿದ್ದ ಹಣ್ಣೊಂದನ್ನು ನಿಧಾನವಾಗಿ ಸುಲಿದು ತಿನ್ನತೊಡಗಿದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇಡೀ ಯೂನಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಆಮೇಲಿನ ಹತ್ತು ವರ್ಷ ಅವಳು ಬಿದ್ದದ್ದೇ ಬಿದ್ದದ್ದು. ಬಾವಿಗೆ ಬಿದ್ದಳು, ಗೊಬ್ಬರದ ಗುಂಡಿಗೆ ಬಿದ್ದಳು, ಹೀರೋನ ಸ್ಕೂಟರಿಗೆ ಅಡ್ಡ ಬಿದ್ದಳು. ನಲವತ್ತಕ್ಕೂ ಹೆಚ್ಚು ಸಿನಿಮಾಗಳಲ್ಲಿ ಅವಳಿಗೆ ಎರಡು ಮೂರು ವಾಕ್ಯಕ್ಕಿಂತ ಹೆಚ್ಚು ಮಾತಿರಲಿಲ್ಲ. ಆ ಮೊದಲ ಸಿನಿಮಾದಲ್ಲಿ ಕ್ಲ್ಯಾಪ್ ಬೋರ್ಡ್ ಹಿಡಿದಿದ್ದ ಜಗನ್ ಎಂಬವನು ಈಗ ಟಿವಿ ಧಾರಾವಾಹಿಯ ನಿರ್ದೇಶಕನಾಗಿದ್ದ. ಅವನೇ ಅವಳನ್ನು ಹುಡುಕಿಕೊಂಡು ಬಂದು, "ಅಮ್ಮಾ, ಬೀಳೋದು ಸಾಕು, ಇನ್ಮೇಲೆ ಮಾತಾಡಿ" ಎಂದು 'ಮೂರನೇ ಮನೆ ಮಾದಮ್ಮ' ಬರೆದಿದ್ದ. ಊರಿನ ಗುಟ್ಟನ್ನೆಲ್ಲ ಬಾಯಲ್ಲಿಟ್ಟುಕೊಂಡು ತಿರುಗುವ ಹೆಂಗಸಿನ ಪಾತ್ರ. ಒಂದು ವರ್ಷದಿಂದ ಅದು ನಡೆಯುತ್ತಿತ್ತು. ನಲವತ್ತನಾಲ್ಕನೇ ವಯಸ್ಸಿನಲ್ಲಿ ಮೊದಲ ಸಲ ಅವಳ ಬಾಯಿಗೆ ಬೆಲೆ ಬಂದಿತ್ತು. ಆ ಬಾಯಿಯೇ ಈಗ ಸೊಟ್ಟಗಾಗಿತ್ತು. ಒಂದು ದಿನ ಹೋಗದಿದ್ದರೆ ಇನ್ನೊಬ್ಬಳು ಬಂದು ಕೂರುತ್ತಾಳೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಬ್ಬಳು ಒಲ್ಲೆ ಎಂದದ್ದರಿಂದಲೇ ಅವಳು ಈ ಕಸುಬಿಗೆ ಬಂದಿದ್ದಳು.

ಶೂಟಿಂಗ್ ನಡೆಯುತ್ತಿದ್ದದ್ದು ತಿ. ನರಸೀಪುರದ ಪಕ್ಕದ ಸೋಸಲೆಯಲ್ಲಿ, ಬಾಡಿಗೆಗೆ ಹಿಡಿದ ಒಂದು ತೊಟ್ಟಿ ಮನೆಯಲ್ಲಿ. ಸೆರಗು ತೆಗೆದು ಮೇಕಪ್ಪಿಗೆ ಕೂತಾಗ ಸುತ್ತ ಇದ್ದವರು ಬಗ್ಗಿ ಬಗ್ಗಿ ನೋಡಿದರು. ಲೈಟಿನವರಲ್ಲಿ ಒಬ್ಬ ನಗು ತಡೆಯಲಾರದೆ ಆಚೆ ಹೋದ. ಜಗನ್ ಬಂದು ಗಾಬರಿಯಿಂದ ಅವಳ ಕೈ ಹಿಡಿದುಕೊಂಡ.

"ಏನಾಯ್ತಮ್ಮಾ? ಮೊದ್ಲು ಆಸ್ಪತ್ರೆಗೆ ಹೋಗಿ. ನಾನು ಹೇಗೋ ಮಾಡ್ಕೋತೀನಿ."

"ಎಂಗ್ ಮಾಡ್ಕತೀಯ?" ಎಂದಳು.

ಅವನು ಅವಳನ್ನು ಒಂದು ಸಲ ಕ್ಯಾಮೆರಾದ ಮುಂದೆ ಕೂರಿಸಿ ನೋಡಿದ. ಗೋವಿಂದಮ್ಮ ಮಾದಮ್ಮನ ಒಂದು ಮಾತು ಹೇಳಿದಳು. ಪದಗಳು ಬಲಗಡೆಯ ಸಂದಿಯಿಂದ ನುಸುಳಿ, ಡೊಂಕಾಗಿ ಬಂದವು. ಮಾನಿಟರಿನ ಹಿಂದೆ ನಿಂತಿದ್ದವರೆಲ್ಲ ನಕ್ಕರು. ಜಗನ್ ನಗಲಿಲ್ಲ. ಅವನು ಮಾನಿಟರಿಗೆ ಬಗ್ಗಿ ನೋಡಿ, "ಅಮ್ಮಾ, ಇದು ಇರಲಿ. ಹೀಗೇ ಇರಲಿ. ಯಾರದೋ ಗುಟ್ಟು ಹೇಳಿ ಹೇಳಿ ಮಾದಮ್ಮನ ಬಾಯಿ ಸೊಟ್ಟಗಾಯ್ತು ಅಂತ ಮಾಡ್ತೀನಿ," ಎಂದ.

ಅವತ್ತಿನ ಕೊನೆಯ ದೃಶ್ಯ ಮೊದಲೇ ಬರೆದಿಟ್ಟದ್ದು. ಮಾದಮ್ಮ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ನಿಂತಿರುತ್ತಾಳೆ. ಅಟ್ಟದ ಮೇಲಿಂದ ಹಿಟ್ಟಿನ ಮೂಟೆ ಬಿಚ್ಚಿಕೊಂಡು ತಲೆಯ ಮೇಲೆ ಸುರಿಯುತ್ತದೆ.

"ಜಗನ್, ಇದೊಂದು ಬ್ಯಾಡಪ್ಪ. ಕಣ್ಣು ಮುಚ್ಚಾಕಾಯ್ತಿಲ್ಲ," ಎಂದಳು.

"ಇದಿಲ್ದೆ ಎಪಿಸೋಡ್ ಮುಗಿಯಲ್ಲಮ್ಮಾ. ಒಂದೇ ಟೇಕ್. ತಲೆ ಬಗ್ಗಿಸಿರಿ, ಹಿಟ್ಟು ಬೆನ್ನ ಮೇಲೆ ಬೀಳೋ ಹಾಗೆ ಹೇಳಿದ್ದೀನಿ. ಕ್ಯಾಮೆರಾ ಕಟ್ ಆದ ತಕ್ಷಣ ನನ್ನ ಕಾರಲ್ಲೇ ಮೈಸೂರು."

ಅವಳು ಬಾಗಿಲಿಗೆ ಕಿವಿಗೊಟ್ಟು ನಿಂತಳು. ತಲೆ ಬಗ್ಗಿಸಿದಳು. ಆಕ್ಷನ್ ಎಂದರು. ಮೇಲಿನವನು ಮೂಟೆ ತುಸು ತಡವಾಗಿ ಬಿಚ್ಚಿದ. ಹಿಟ್ಟು ಏಕೆ ಬೀಳಲಿಲ್ಲ ಎಂದು ಅವಳು ಮುಖ ಎತ್ತಿದಳು.

ಹಿಟ್ಟು ನೇರವಾಗಿ ಮುಖದ ಮೇಲೆ ಬಿತ್ತು. ಬಲಗಣ್ಣು ಮುಚ್ಚಿಕೊಂಡಿತು. ಎಡಗಣ್ಣು ತೆರೆದೇ ಇತ್ತು.

"ಕಣ್ಣು! ನನ್ ಕಣ್ಣು! ನೀರು ತಕ್ಕಬನ್ರೋ!" ಎಂದು ಗೋವಿಂದಮ್ಮ ಕಿರುಚಿದಳು. ಅದು ಮಾದಮ್ಮನ ಕೀರಲು ದನಿಯಾಗಿರಲಿಲ್ಲ, ಅವಳದೇ ದನಿ. ಆದರೆ ಸೊಟ್ಟ ಬಾಯಿಯಿಂದ ಹೊರಟ ಅಕ್ಷರಗಳು ಮುರಿದು, ಉಗುಳಿನ ಜೊತೆ ಹಿಟ್ಟು ಹಾರಿ, ಅದು ಇನ್ನಷ್ಟು ತಮಾಷೆಯಾಗಿ ಕೇಳಿಸಿತು. ಎಲ್ಲರೂ ನಕ್ಕರು. ಅವಳು ಕೈಚಾಚಿ ಗೋಡೆ ಹುಡುಕಿದಳು, ಕಂಬಕ್ಕೆ ಹಣೆ ಬಡಿಸಿಕೊಂಡಳು. ನಗು ಹೆಚ್ಚಾಯಿತು. ಹೇಳಿಕೊಡದೆ ಬಾಳೆಹಣ್ಣು ತಿಂದ ಹೆಂಗಸಲ್ಲವೇ, ಇದನ್ನೂ ಸ್ವಂತವಾಗಿ ಸೇರಿಸುತ್ತಿದ್ದಾಳೆ ಎಂದುಕೊಂಡ ಜಗನ್, ಕ್ಯಾಮೆರಾ ನಿಲ್ಲಿಸಬೇಡ ಎಂಬಂತೆ ಕೈ ಆಡಿಸಿದ. ಅವಳು ಮೊಣಕಾಲೂರಿ ಕೂತಳು. "ಆಟ ಅಲ್ಲ ಕಣ್ರಪ್ಪೋ," ಎಂದಳು. ಅದಕ್ಕೂ ನಕ್ಕರು.

ಆಗ ಬಾಗಿಲಲ್ಲಿ ನಿಂತು ಶೂಟಿಂಗ್ ನೋಡುತ್ತಿದ್ದ ಊರವರ ನಡುವಿನಿಂದ ಒಬ್ಬ ಹೆಂಗಸು ಲೈಟಿನ ವೈರು ದಾಟಿಕೊಂಡು ಒಳಗೆ ನುಗ್ಗಿದಳು. ತೊಟ್ಟಿಯ ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡು ಬಂದು, ಗೋವಿಂದಮ್ಮನ ತಲೆಯನ್ನು ತನ್ನ ತೊಡೆಗೆ ಒರಗಿಸಿ ಕಣ್ಣಿಗೆ ನೀರು ಹುಯ್ಯತೊಡಗಿದಳು.

"ಯಾರ್ರೀ ಅದು? ಕಟ್, ಕಟ್!" ಎಂದ ಜಗನ್.

"ಆ ಕಣ್ಣು ಮುಚ್ಚಕಿಲ್ಲ ಕಣ್ರಯ್ಯಾ!" ಎಂದು ಆ ಹೆಂಗಸು ತಿರುಗಿ ಕೂಗಿದಳು. "ನಗ್ತಾ ನಿಂತಿದ್ದೀರಲ್ಲ. ನಂಗೊತ್ತು, ಅದು ಮುಚ್ಚಕಿಲ್ಲ."

ತಿರುಗಿದಾಗ ಎಲ್ಲರಿಗೂ ಅವಳ ಮುಖ ಕಂಡಿತು. ಅವಳ ಬಾಯಿಯೂ ಸೊಟ್ಟಗಿತ್ತು. ಅವಳ ಎಡಗಣ್ಣೂ ತೆರೆದೇ ಇತ್ತು, ಪಾಪೆಯ ಮೇಲೆ ಬೂದಿ ಬಣ್ಣದ ಮಚ್ಚೆ.

ಅವಳ ಹೆಸರು ರಾಚಮ್ಮ. ಸೋಸಲೆಯವಳೇ. ಸೊಪ್ಪು ಕಟ್ಟಿಕೊಂಡು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ನರಸೀಪುರದ ಮಾರ್ಕೆಟ್ಟಿಗೆ ಹೋಗುವವಳು. ಹನ್ನೆರಡು ವರ್ಷದ ಹಿಂದೆ ಎರಡನೇ ಹೆರಿಗೆಯ ಬಾಣಂತನದಲ್ಲಿ ಅವಳ ಮುಖ ಹೀಗಾಗಿತ್ತು. ಮೂರು ದಿನದೊಳಗೆ ಮಾತ್ರೆ ತೆಗೆದುಕೊಳ್ಳಬೇಕು ಎಂದು ಆಗ ಹೇಳುವವರು ಯಾರೂ ಇರಲಿಲ್ಲ.

ಜಗನ್‌ನ ಕಾರು ಗೋವಿಂದಮ್ಮನನ್ನು ಮೈಸೂರಿಗೆ ಒಯ್ದಿತು. ಪಾಪೆಯ ಮೇಲೆ ಗೀರು ಬಿದ್ದಿದೆ, ಬೇಗ ತೊಳೆದದ್ದರಿಂದ ಕಣ್ಣು ಉಳಿದಿದೆ ಎಂದರು ಕಣ್ಣಿನ ಡಾಕ್ಟರು. ಮುಖಕ್ಕೆ ಅವತ್ತೇ ಮಾತ್ರೆ ಶುರುವಾಯಿತು. ಕಣ್ಣಿಗೆ ಪಟ್ಟಿ ಅಂಟಿಸಿದರು. ಆಸ್ಪತ್ರೆಯ ವರಾಂಡದಲ್ಲಿ ಜಗನ್ ಗೌತಮಿಯ ಮುಂದೆ ನಿಂತು ಅತ್ತ. ಅವನು ಕೆಟ್ಟವನಲ್ಲ. ಆದರೆ ಟೇಪು ಅವತ್ತೇ ಬೆಂಗಳೂರಿಗೆ ಹೊರಟಿತ್ತು, ರಾಚಮ್ಮ ಒಳನುಗ್ಗುವವರೆಗಿನ ಭಾಗವೆಲ್ಲ ಅದರಲ್ಲಿತ್ತು.

ಆ ವಾರ ಊರೂರಿನಲ್ಲಿ ಜನ ಅದನ್ನು ನೋಡಿ ನಕ್ಕರು. ಚಾನೆಲ್‌ನವರು ಫೋನ್ ಮಾಡಿ, ಆ ಬಾಯಿಯನ್ನೇ ಮುಂದುವರಿಸಿ ಎಂದರು. ಹತ್ತು ದಿನ ಬಿಟ್ಟು ಗೋವಿಂದಮ್ಮ ಮತ್ತೆ ಸೋಸಲೆಗೆ ಹೋದಳು. ಹಿಟ್ಟು, ಹೊಗೆ, ಧೂಳು ಯಾವುದೂ ಇರುವುದಿಲ್ಲ ಎಂದು ಜಗನ್ ಗೌತಮಿಗೆ ಮಾತು ಕೊಟ್ಟಿದ್ದ, ಹಾಗೆಯೇ ನಡೆದುಕೊಂಡ. ಧಾರಾವಾಹಿಯ ಹೆಸರಿಗಿಂತ ಮೊದಲು ಈಗ ಅವಳ ಸೊಟ್ಟ ಮುಖವೇ ಪರದೆಯ ಮೇಲೆ ಬರುತ್ತಿತ್ತು. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರು ಅವಳ ಕೈ ಹಿಡಿದು ಮಾತಾಡಿಸುತ್ತಿದ್ದರು. ಅವಳಿಗೆ ಅದು ಹಿತವಾಗಿತ್ತು. ಸುಳ್ಳು ಯಾಕೆ ಹೇಳಬೇಕು, ಬಹಳ ಹಿತವಾಗಿತ್ತು.

ರಾಚಮ್ಮನ ಮನೆ ಶೂಟಿಂಗ್ ಮನೆಯ ಹಿತ್ತಿಲಿಗೆ ಅಂಟಿಕೊಂಡಂತಿತ್ತು. ಸಂಜೆ ಕೆಲಸ ಮುಗಿದ ಮೇಲೆ ಗೋವಿಂದಮ್ಮ ಹೋಗಿ ಅವಳ ಜಗಲಿಯ ಮೇಲೆ ಕೂರುತ್ತಿದ್ದಳು. ಇಬ್ಬರೂ ಬಲಗಡೆಯ ದವಡೆಯಲ್ಲೇ ಅವರೆಕಾಳು ಅಗಿಯುತ್ತ, ಯಾವ ಅಕ್ಷರ ಕೈಕೊಡುತ್ತದೆ, ಮಲಗುವಾಗ ಕಣ್ಣಿಗೆ ಯಾವ ಬಟ್ಟೆ ಕಟ್ಟಿದರೆ ಜಾರುವುದಿಲ್ಲ ಎಂದು ಮಾತಾಡುತ್ತಿದ್ದರು. ಹನ್ನೆರಡು ವರ್ಷದಲ್ಲಿ ರಾಚಮ್ಮನಿಗೆ ಇದನ್ನೆಲ್ಲ ಕೇಳಲು ಒಬ್ಬರು ಸಿಕ್ಕಿದ್ದು ಅದೇ ಮೊದಲು.

ಆರನೇ ವಾರದಲ್ಲಿ ಗೋವಿಂದಮ್ಮನ ಎಡಹುಬ್ಬು ಅಲುಗಿತು. ಎಂಟನೇ ವಾರಕ್ಕೆ ಕಣ್ಣು ಮುಚ್ಚಿತು. ಒಂದು ಭಾನುವಾರ ಗೌತಮಿ ಉರಿಯುವ ಬೆಂಕಿಕಡ್ಡಿ ಮುಖದ ಮುಂದೆ ಹಿಡಿದು ಊದಲು ಹೇಳಿದಳು. ಗೋವಿಂದಮ್ಮ ಊದಿದಳು, ಕಡ್ಡಿ ಆರಿತು. ನಿಂಗರಾಜು ಅಂಗಡಿಗೆ ಓಡಿಹೋಗಿ ಮೈಸೂರುಪಾಕು ತಂದ.

ಮಾರನೆಯ ದಿನ ಜಗನ್ ಮಾನಿಟರಿನಿಂದ ತಲೆ ಎತ್ತಿ, "ಅಮ್ಮಾ, ಬಾಯಿ ನೇರ ಆಗ್ತಿದೆ," ಎಂದ. ಹೊಗಳಿಕೆಯೋ ದೂರೋ ಅವನಿಗೇ ಗೊತ್ತಿದ್ದಂತೆ ಇರಲಿಲ್ಲ. "ಶಾಟ್ ಇದ್ದಾಗ ಮಾತ್ರ ಸ್ವಲ್ಪ ಎಳೆದು ಹಿಡೀತೀರಾ? ನಿಮಗೆ ಕಷ್ಟವಲ್ಲ."

ಕಷ್ಟವಾಗಲಿಲ್ಲ. ಎರಡು ತಿಂಗಳು ಮುಖದ ಮೇಲೆ ಇದ್ದದ್ದನ್ನು ಮತ್ತೆ ತಂದುಕೊಳ್ಳುವುದು ಅವಳಂಥ ನಟಿಗೆ ಎಷ್ಟರ ಕೆಲಸ? ಆದರೆ ದಿನವಿಡೀ ಎಳೆದು ಹಿಡಿದರೆ ದವಡೆ ಸೆಳೆಯುತ್ತಿತ್ತು. ಗೌತಮಿಗೆ ಗೊತ್ತಾದಾಗ ಮನೆಯಲ್ಲಿ ದೊಡ್ಡ ಜಗಳವೇ ಆಯಿತು.

"ನರ ಈಗ ತಾನೇ ಕಲೀತಿದೆ. ತಪ್ಪು ಕಲಿಸಿದ್ರೆ ಹಾಗೇ ನಿಂತುಬಿಡುತ್ತೆ. ಯಾರಿಗೋಸ್ಕರ ಇದು?"

"ನಿಂಗೇನ್ ಗೊತ್ತು? ಹತ್ತು ವರ್ಷ ಬಿದ್ದೂ ಬಿದ್ದೂ ಒಬ್ರೂ ನನ್ ಎಸ್ರು ಕೇಳ್ನಿಲ್ಲ. ಈಗ ಕೇಳ್ತಾವ್ರೆ."

"ನಿನ್ ಹೆಸರಲ್ಲ ಕೇಳ್ತಿರೋದು, ಮಾದಮ್ಮನ ಹೆಸರು," ಎಂದಳು ಗೌತಮಿ. ಆ ವಾರ ತಾಯಿ ಮಗಳು ಮಾತಾಡಲಿಲ್ಲ.

ಮಗಳ ಕೋಪಕ್ಕಿಂತ ಗೋವಿಂದಮ್ಮನನ್ನು ಹೆಚ್ಚು ಕಾಡಿದ್ದು ರಾಚಮ್ಮನ ಜಗಲಿ. ವಾಸಿಯಾಯಿತು ಎಂದು ಅವಳಿಗೆ ಹೇಗೆ ಹೇಳುವುದು? ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡು, ಹಿತ್ತಿಲ ಬಾಗಿಲು ದಾಟುವ ಮುಂಚೆ ಬಾಯಿಯನ್ನು ಬಲಕ್ಕೆ ಎಳೆದುಕೊಂಡು ಹೋಗತೊಡಗಿದಳು. ಕ್ಯಾಮೆರಾ ಇಲ್ಲದ ಕಡೆಯೂ ನಟನೆ ನಡೆಯಿತು. ಒಂದು ಸಂಜೆ ರಾಚಮ್ಮ ಸೊಪ್ಪಿನ ಬುಟ್ಟಿಯನ್ನು ಮೂಲೆಯಲ್ಲಿ ಕವುಚಿ ಹಾಕಿ ಕೂತಿದ್ದಳು. ಮೂರು ದಿನದಿಂದ ಮಾರ್ಕೆಟ್ಟಿಗೆ ಹೋಗಿರಲಿಲ್ಲ.

"ಯಾಕೆ ರಾಚಮ್ಮ, ಉಸಾರಿಲ್ವಾ?"

"ಮಾರ್ಕೆಟ್ನಾಗೆ ಎಲ್ಲಾ ಮಾದಮ್ಮ ಮಾದಮ್ಮ ಅಂತಾರೆ. ಸೊಪ್ಪು ತಕ್ಕಳಾಕೆ ಬಂದೋರು 'ಒಂದು ಡೈಲಾಗ್ ಒಡಿ ಮಾದಮ್ಮ' ಅಂತಾರೆ. ಮೊದ್ಲು ನಾನೂ ನಗ್ತಿದ್ದೆ. ಮೊನ್ನೆ ನನ್ನ ಅಳಿಯ ಬೆಟ್ಟಯ್ಯ ನೆಂಟ್ರು ಮುಂದೆ ನಿಲ್ಸಿ, 'ನಮ್ಮತ್ತೆ ಎಂಗ್ ಮಾತಾಡ್ತಳೆ ನೋಡಿ' ಅಂದ. ಎಲ್ರೂ ನಕ್ರು. ಮಗಳೂ ನಕ್ಕಳು." ಅವಳು ತೆರೆದ ಕಣ್ಣನ್ನು ಸೆರಗಿನಿಂದ ಒತ್ತಿಕೊಂಡಳು. "ನಿಮ್ಗೂ ಅಂಗೇ ಅಂತಾರೇನವ್ವಾ? ನೀವೆಂಗೆ ತಡ್ಕತೀರಿ?"

ಗೋವಿಂದಮ್ಮ ಬಾಯಿಯನ್ನು ಇನ್ನಷ್ಟು ಬಲಕ್ಕೆ ಎಳೆದು ಹಿಡಿದಳು. "ಅಂತಾರೆ," ಎಂದಳು. "ತಡ್ಕತೀನಿ."

ಅವತ್ತು ಅವಳು ಮನೆಗೆ ಹೋಗಿ ಊಟ ಮಾಡಲಿಲ್ಲ.

ಅದಾದ ನಾಲ್ಕನೆಯ ದಿನ, ಅಕ್ಟೋಬರಿನ ಒಂದು ಮಧ್ಯಾಹ್ನ, ಎರಡು ಶಾಟುಗಳ ನಡುವೆ ಗೋವಿಂದಮ್ಮ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಬಿಸಿ ಆರಿಸಲು ಲೋಟಕ್ಕೆ ಊದುತ್ತಿದ್ದಳು, ಎರಡೂ ಕೆನ್ನೆ ಉಬ್ಬಿಸಿ, ತುಟಿ ದುಂಡಗೆ ಮಾಡಿ. ತಲೆ ಎತ್ತಿದರೆ ಬೇಲಿಯ ಆಚೆ ರಾಚಮ್ಮ ನಿಂತಿದ್ದಳು. ಕೈಯಲ್ಲಿ ಒಂದು ಪಾತ್ರೆ ಇತ್ತು.

ಬಾಯಿ ಎಳೆದುಕೊಳ್ಳಲು ಹೊತ್ತು ಸಿಗಲಿಲ್ಲ.

"ವಾಸಿ ಆಯ್ತಾ?" ಎಂದಳು ರಾಚಮ್ಮ. ಅವಳ ಅರ್ಧ ಮುಖ ಅರಳಿತು. ಪಾತ್ರೆ ಕೆಳಗಿಟ್ಟು ಬೇಲಿ ದಾಟಿ ಬಂದು ಗೋವಿಂದಮ್ಮನ ಎರಡೂ ಕೆನ್ನೆ ಸವರಿದಳು. "ಅಯ್ಯೋ ನನ್ನವ್ವ, ವಾಸಿ ಆಗ್ಬುಟ್ಟದಲ್ಲ! ಯಾವಾಗಾಯ್ತು? ನಿನ್ನೆ ಕೂಡ ಸೊಟ್ಟಗೇ ಇತ್ತಲ್ಲ! ಒಂದೇ ದಿನಕ್ಕಾ? ಏನ್ ಔಸ್ತಿ ಕೊಟ್ರು? ನಂಗೂ ಯೋಳಿ, ನಂಗೂ ಆದಾತು!"

"ರಾಚಮ್ಮ, ಕೂತ್ಕ. ಯೋಳ್ತೀನಿ..."

"ಶಾಟ್ ರೆಡಿ! ಅಮ್ಮಾ, ಬನ್ನಿ!" ಎಂದು ಒಳಗಿನಿಂದ ಕೂಗಿದರು. ಅಸಿಸ್ಟೆಂಟ್ ಬಂದು ಅವಳ ತೋಳು ಹಿಡಿದು ಎಬ್ಬಿಸಿದ. ರಾಚಮ್ಮನೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಗೋವಿಂದಮ್ಮ ತಿರುಗಿ ನೋಡಿದಳು. ಲೈಟು ಹೊತ್ತಿತು. ಆಕ್ಷನ್ ಎಂದರು. ಹನ್ನೊಂದು ವರ್ಷದ ಅಭ್ಯಾಸ; ಆ ಪದ ಕಿವಿಗೆ ಬಿದ್ದದ್ದೇ ಅವಳ ಬಾಯಿ ತಾನಾಗಿ ಬಲಕ್ಕೆ ಓಡಿತು, ಎಡಗಣ್ಣು ಮಿಟುಕದೆ ನಿಂತಿತು, ಮಾದಮ್ಮನ ಮಾತು ಡೊಂಕು ಡೊಂಕಾಗಿ ಹೊರಟಿತು. ಸುತ್ತಲಿನವರು ನಗು ತಡೆಯಲು ಬಾಯಿಗೆ ಕೈ ಹಿಡಿದರು.

ಬಾಗಿಲಲ್ಲಿ ನಿಂತ ರಾಚಮ್ಮ ಒಮ್ಮೆ ಅವಳನ್ನು ನೋಡಿದಳು, ಒಮ್ಮೆ ನಗುತ್ತಿದ್ದವರನ್ನು ನೋಡಿದಳು. ನಿಧಾನವಾಗಿ ಸೆರಗೆತ್ತಿ ತನ್ನ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ಗೋವಿಂದಮ್ಮ ಅರ್ಧ ವಾಕ್ಯದಲ್ಲಿ ನಿಂತಳು.

"ಕಟ್. ಪರವಾಗಿಲ್ಲ, ಇನ್ನೊಂದ್ಸಲ," ಎಂದ ಜಗನ್.

ಎರಡನೇ ಸಲ ಅವಳು ನೆಟ್ಟಗಿನ ಬಾಯಿಯಲ್ಲಿ ಮಾತು ಹೇಳಿದಳು. ಕಟ್ ಎಂದರು. ಮೂರನೇ ಸಲವೂ ಹಾಗೆಯೇ. ಜಗನ್ ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಮುಂದಕ್ಕೆ ಎಳೆದ.

"ಏನಮ್ಮಾ ಇದು?"

"ವಾಸಿ ಆಯ್ತು ಕಣಪ್ಪ. ಮಾದಮ್ಮಂಗೂ ವಾಸಿ ಆಯ್ತು ಅಂತ ಬರಿ."

"ವಾಸಿಯಾದ ಮಾದಮ್ಮನ್ನ ಯಾರು ನೋಡ್ತಾರೆ? ಚಾನೆಲ್‌ಗೆ ಏನು ಹೇಳಲಿ? ನಿಮಗಾಗಿ ಈ ಪಾತ್ರ ಬರೆದವನು ನಾನು. ನೆನಪಿದೆಯಾ? ಯಾರೂ ನಿಮಗೆ ಒಂದು ಮಾತು ಕೊಡದೆ ಇದ್ದಾಗ..."

"ನೆಪ್ಪದೆ. ಸಾಯೋಗಂಟ ಇರ್ತದೆ. ಆ ಮಾತ್ನೇ ಕೇಳ್ತಾ ಇವ್ನಿ, ಸೊಟ್ಟ ಮೂತಿ ಬ್ಯಾಡ."

"ಈಗ ಬಾಗಿಲಿಂದ ಹೋದಳಲ್ಲ, ಆ ಒಬ್ಬ ಹೆಂಗಸಿಗೆ ಬೇಜಾರಾಯ್ತು ಅಂತ ಲಕ್ಷಾಂತರ ಜನ ನಗೋದನ್ನ ನಿಲ್ಲಿಸ್ತೀರಾ? ಕಾಮಿಡಿ ಅಂದ್ರೆ ಯಾರಿಗಾದ್ರೂ ತಾಗೇ ತಾಗುತ್ತೆ. ನೀವು ಬಿದ್ದಾಗ ಜನ ನಗಲಿಲ್ವಾ?"

"ಬಿದ್ದೋಳು ನಾನು. ನನ್ ಮೈ, ನನ್ ಮೂಳೆ. ಈಗ ಬೀಳ್ತಿರೋಳು ರಾಚಮ್ಮ."

ಜಗನ್ ಬಾಗಿಲು ತೆರೆದು ಹೊರಗೆ ಹೋದ. ಗೋವಿಂದಮ್ಮ ತೊಟ್ಟಿಯ ಅಂಚಿನಲ್ಲಿ ಕೂತಳು. ಎರಡು ಗಂಟೆಯಾಯಿತು, ಮೂರಾಯಿತು. ಊಟ ತಣ್ಣಗಾಗಿ ಕೂತಿತ್ತು. ಮೇಕಪ್ಪಿನ ಹೆಂಗಸು ಪಾಪಮ್ಮ ಬಂದು, "ಅಕ್ಕಾ, ಒಂದ್ಸಲ ಮಾಡ್ಬುಡಿ. ಸೀರಿಯಲ್ಲು ನಿಂತ್ರೆ ನಮ್ ಗತಿ ಏನು?" ಎಂದು ಕೈ ಮುಗಿದಳು. ಗೋವಿಂದಮ್ಮ ಆ ಕೈಗಳನ್ನು ಬಿಡಿಸಿ ಹಿಡಿದುಕೊಂಡಳು. ಆಚೆ ಜಗನ್ ಫೋನಿನಲ್ಲಿ ಗಟ್ಟಿಯಾಗಿ ಮಾತಾಡುತ್ತಿದ್ದದ್ದು, ಆಮೇಲೆ ಮೆತ್ತಗಾದದ್ದು ಕೇಳಿಸುತ್ತಿತ್ತು. ಲೈಟಿನವರು ಗೋಡೆಗೊರಗಿ ಅವಳನ್ನು ದುರುಗುಟ್ಟಿ ನೋಡುತ್ತಿದ್ದರು. ಎದ್ದುಹೋಗಿ ಬಾಯಿ ಎಳೆದುಬಿಡಲೇ ಎಂದು ಅವಳಿಗೆ ನಾಲ್ಕೈದು ಸಲವಾದರೂ ಅನ್ನಿಸಿತು. ಒಂದು ನಿಮಿಷದ ಕೆಲಸ. ಅವಳು ಮಂಡಿಯ ಮೇಲೆ ಕೈಯೂರಿ ಏಳಲೂ ಹೋದಳು, ಮತ್ತೆ ಕೂತಳು.

ಬೆಳಕು ಇಳಿಯುವ ಹೊತ್ತಿಗೆ ಜಗನ್ ಒಳಗೆ ಬಂದ. ಅವನ ಮುಖ ಸೋತಿತ್ತು.

"ಕಾಶಿಗೆ ಹೋಗ್ತೀನಿ ಅಂತ ಒಂದು ಸೀನ್ ಮಾಡಿ ಮುಗಿಸೋಣ. ಮುಖ ನಿಮಗೆ ಹೇಗೆ ಬೇಕೋ ಹಾಗಿರಲಿ," ಎಂದ. "ಆಮೇಲೆ ಅವರೇನು ಮಾಡ್ತಾರೋ ನನ್ನ ಕೈಲಿಲ್ಲ."

ಅವಳು ನೆಟ್ಟಗಿನ ಮುಖದಲ್ಲಿ, ಊರವರಿಗೆಲ್ಲ ಒಬ್ಬೊಬ್ಬರ ಗುಟ್ಟೂ ಹಿಂದಿರುಗಿಸಿ ಹೊರಡುವ ಮಾದಮ್ಮನನ್ನು ಮಾಡಿದಳು. ಮಾತೆಲ್ಲ ಅಲ್ಲೇ ಅವಳ ಬಾಯಲ್ಲಿ ಹುಟ್ಟಿದ್ದು. ಮಧ್ಯಾಹ್ನದಿಂದ ಹಸಿದು ಸಿಟ್ಟಾಗಿದ್ದ ಲೈಟಿನವರು ಕೂಡ ನಕ್ಕರು. ಆ ದೃಶ್ಯ ಟಿವಿಯಲ್ಲಿ ಅರ್ಧ ನಿಮಿಷ ಬಂತು. ಎರಡು ವಾರದ ಮೇಲೆ ಮಾದಮ್ಮ ಕಾಶಿಯಿಂದ ಹಿಂದಿರುಗಿದಳು. ರೋಜಾ ಎಂಬ ನಟಿ ಗೋವಿಂದಮ್ಮನಷ್ಟು ದಪ್ಪ ಕಾಣಲು ಸೊಂಟಕ್ಕೆ ಹತ್ತಿ ಕಟ್ಟಿಕೊಂಡು, ಬಾಯಿ ಸೊಟ್ಟ ಮಾಡಿಕೊಂಡು ಬಂದಿದ್ದಳು. ನೋಡುವವರ ಸಂಖ್ಯೆ ಕಡಿಮೆಯಾಗಲಿಲ್ಲ. ಧಾರಾವಾಹಿ ಇನ್ನೂ ಒಂದು ವರ್ಷ ನಡೆಯಿತು.

ಕೆಲಸ ಹೋದ ಮೂರನೆಯ ದಿನ ಗೋವಿಂದಮ್ಮ ಬಸ್ಸು ಹಿಡಿದು ಸೋಸಲೆಗೆ ಬಂದಳು. ರಾಚಮ್ಮ ಜಗಲಿಯಿಂದ ಎದ್ದು ಒಳಗೆ ಹೋದಳು. ಗೋವಿಂದಮ್ಮ ಬಾಗಿಲಲ್ಲೇ ನಿಂತಳು.

"ತಪ್ಪಾಯ್ತು ರಾಚಮ್ಮ."

ಒಳಗೆ ಪಾತ್ರೆ ಕುಕ್ಕಿದ ಸದ್ದಾಯಿತು. ಆಮೇಲೆ ದನಿ ಬಂತು. "ಟಿವಿಲಿ ಮಾಡಿದ್ದು ಬುಡಿ, ಅದು ನಿಮ್ ಕೆಲ್ಸ. ನನ್ ಜಗಲಿ ಮ್ಯಾಲೆ ಯಾಕೆ ಮಾಡುದ್ರಿ? ನಿಮ್ ಮುಂದೆ ನಾನು ಅತ್ತಿದ್ದೆ."

ಗೋವಿಂದಮ್ಮ ಕೊನೆಗೆ, "ನಿಂಗೆ ಯೋಳಾಕೆ ನಾಚ್ಕೆ ಆಯ್ತು. ನಂಗೆ ವಾಸಿ ಆಗಿ ನಿಂಗೆ ಆಗ್ನಿಲ್ವಲ್ಲ ಅಂತ," ಎಂದಳು. ರಾಚಮ್ಮ ಹೊರಗೆ ಬರಲಿಲ್ಲ. ಬಸ್ಸಿನ ಹೊತ್ತಾಗುವವರೆಗೆ ನಿಂತಿದ್ದು ಗೋವಿಂದಮ್ಮ ಹಿಂದಿರುಗಿದಳು. ಮುಂದಿನ ವಾರ ಮತ್ತೆ ಬಂದಳು, ಅದರ ಮುಂದಿನ ವಾರವೂ. ನಾಲ್ಕನೆಯ ಸಲ ಗೌತಮಿಯನ್ನು ಕರೆತಂದಳು. ಗೌತಮಿ ಸುತ್ತುಬಳಸಿ ಮಾತಾಡದೆ, "ಬಾಯಿ ನೆಟ್ಟಗಾಗಲ್ಲ, ಹನ್ನೆರಡು ವರ್ಷ ಆಗಿದೆ. ಸುಳ್ಳು ಹೇಳಲ್ಲ. ಆದ್ರೆ ರೆಪ್ಪೆಗೆ ಒಂದು ಸಣ್ಣ ಆಪರೇಷನ್ ಮಾಡಿದ್ರೆ ಕಣ್ಣು ಮುಚ್ಚುತ್ತೆ. ಇರೋ ದೃಷ್ಟಿ ಉಳಿಯುತ್ತೆ," ಎಂದಳು. ರಾಚಮ್ಮ ಬಾಗಿಲು ಪೂರ್ತಿ ತೆರೆದಳು.

ಆಪರೇಷನ್ ಮೈಸೂರಿನಲ್ಲಿ ನಡೆಯಿತು. ಪಟ್ಟಿ ಬಿಚ್ಚಿದ ದಿನ ಡಾಕ್ಟರು ಕಣ್ಣು ಮುಚ್ಚಿ ಎಂದರು. ರಾಚಮ್ಮ ಮುಚ್ಚಿದಳು. ಎಷ್ಟು ಹೊತ್ತಾದರೂ ತೆರೆಯಲಿಲ್ಲ. ನೋವೇ ಎಂದು ನರ್ಸು ಗಾಬರಿಯಾದಳು. "ಇರಿ ತಾಯಿ, ಕತ್ಲೆ ನೋಡ್ತಾ ಇವ್ನಿ," ಎಂದಳು ರಾಚಮ್ಮ.

ಗೋವಿಂದಮ್ಮನಿಗೆ ಎರಡು ವರ್ಷ ಯಾರೂ ಕರೆಕಳಿಸಲಿಲ್ಲ. ಲಕ್ವ ಹೊಡೆದವಳು ಎಂದು ಕೆಲವರು, ಸೆಟ್ಟಿನಲ್ಲಿ ರಂಪ ಮಾಡುವವಳು ಎಂದು ಕೆಲವರು ಹೇಳಿಕೊಂಡರು. ಅವಳು ನಂಜನಗೂಡಿನ ಹೆಣ್ಣುಮಕ್ಕಳ ಒಂದು ನಾಟಕ ತಂಡಕ್ಕೆ ಸೇರಿ ಊರೂರು ತಿರುಗಿದಳು. 2005ರಲ್ಲಿ ಒಂದು ಸಿನಿಮಾದಲ್ಲಿ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡುವ ಹೆಂಗಸಿನ ಪಾತ್ರ ಸಿಕ್ಕಿತು. ಬೀಳುವುದಿರಲಿಲ್ಲ, ಏಳು ನಿಮಿಷ ಬರೀ ಮಾತು. ಅದಾದ ಮೇಲೆ ನಿಧಾನವಾಗಿ ಕೆಲಸ ಬರತೊಡಗಿತು. ಜಗನ್ ಆ ಸಿನಿಮಾ ನೋಡಿ ಫೋನ್ ಮಾಡಿದ್ದ. ಇಬ್ಬರೂ ಮಳೆಯ ಬಗ್ಗೆ, ಮಕ್ಕಳ ಬಗ್ಗೆ ಮಾತಾಡಿ ಫೋನ್ ಇಟ್ಟರು.

ಇದೆಲ್ಲ ಆಮೇಲಿನ ಮಾತು. ಆಪರೇಷನ್ನಿನ ಗಾಯ ಮಾಗಿದ ಮೇಲೆ ರಾಚಮ್ಮ ಮತ್ತೆ ಮಾರ್ಕೆಟ್ಟಿಗೆ ಹೊರಟ ದಿನ ಗೋವಿಂದಮ್ಮ ಬೆಳಿಗ್ಗೆಯೇ ಸೋಸಲೆಗೆ ಬಂದಿದ್ದಳು. "ನಾನೂ ಬತ್ತೀನಿ. ಯಾವನು ಏನಂತಾನೋ ನೋಡ್ತೀನಿ," ಎಂದಳು.

"ಬ್ಯಾಡಿ," ಎಂದಳು ರಾಚಮ್ಮ. "ನೀವು ಬಂದ್ರೆ ಜನ ನಿಮ್ಮ ನೋಡಾಕೆ ಸೇರ್ತಾರೆ. ಸೊಪ್ಪು ಯಾರ್ ತಕ್ಕತಾರೆ? ನಾ ಒಬ್ಳೇ ಓಯ್ತೀನಿ."

ಬಸ್ಸು ಬಂತು. ಗೋವಿಂದಮ್ಮ ಬುಟ್ಟಿಗೆ ಒಂದು ಕೈ ಕೊಟ್ಟು ಎತ್ತಿದಳು. ಒಳಗೆ ಯಾರೋ "ಏ ಮಾದಮ್ಮ, ಎಲ್ಲಿಗೆ?" ಎಂದರು. ಒಂದಿಬ್ಬರು ನಕ್ಕರು. ಗೋವಿಂದಮ್ಮನ ಕಾಲು ಮೆಟ್ಟಿಲ ಮೇಲೆ ಹೋಯಿತು. ರಾಚಮ್ಮ ಕೈ ಅಡ್ಡ ಹಿಡಿದು ಅವಳನ್ನು ತಡೆದು, ಒಳಕ್ಕೆ ತಿರುಗಿದಳು.

"ರಾಚಮ್ಮ ಅಂತ ನನ್ ಎಸ್ರು. ಜರುಗು, ಬುಟ್ಟಿ ಇಡ್ಬೇಕು."

ಒಬ್ಬ ಗಂಡಸು ಕಾಲು ಹಿಂದಕ್ಕೆ ಎಳೆದುಕೊಂಡ. ರಾಚಮ್ಮ ಬುಟ್ಟಿ ಇಟ್ಟು, ಕಿಟಕಿಯ ಪಕ್ಕ ಕೂತು, ಕಂಡಕ್ಟರಿಗೆ ನರಸೀಪುರ ಎಂದಳು.